ಬೀಳುವ ಗಾಳಿಗೆ ಬಿಡುವಿಲ್ಲ

ಸಂದರ್ಶನಕ್ಕೆ ಸಮಯ ಕೇಳಿದ್ದಕ್ಕೆ ಬಂದ ಉತ್ತರ ಇಷ್ಟೇ: ‘ಹುಟ್ಟಿದ ಮೇಲೆ ಹೇಳಿ ಕಳಿಸುತ್ತೇನೆ, ಸಾಯುವುದರೊಳಗೆ ಬಂದುಬಿಡಿ.’ ಹವಾಮಾನದವರು ಡೌನ್‌ಬರ್ಸ್ಟ್ ಎಂದು ಕರೆಯುವ ಈ ಗಾಳಿ ಗುಡುಗುಮೋಡದೊಳಗಿಂದ ನೆಟ್ಟಗೆ ನೆಲಕ್ಕೆ ಬೀಳುತ್ತದೆ, ಬಿದ್ದ ಜಾಗದಿಂದ ಎಲ್ಲ ದಿಕ್ಕಿಗೂ ನುಗ್ಗುತ್ತದೆ, ಚಿಕ್ಕದಾದರೆ 5ರಿಂದ 15 ನಿಮಿಷದಲ್ಲಿ ಆಟ ಮುಗಿಸುತ್ತದೆ. ಮಂತ್ರಿಗಳ ಒಂದು ಮಾತಿಗಾಗಿ ಅರ್ಧ ದಿನ ಬಾಗಿಲು ಕಾಯುವ ನಮ್ಮ ವೃತ್ತಿಗೆ ಇಂಥ ಸಮಯಪಾಲನೆ ಹೊಸದು. ಕೃತ್ತಿಕೆ ಮಳೆಯ ದಿನಗಳು. ಹಿರಿಯೂರಿನಿಂದ ಆಚೆ ಹೆದ್ದಾರಿ ಬದಿಯ ಬಸ್ ತಂಗುದಾಣದಲ್ಲಿ ಬೆವರು ಒರೆಸಿಕೊಳ್ಳುತ್ತ ಕೂತಿದ್ದಾಗ ಪಡುವಣ ಮೋಡದ ಬುಡ ಮಸಿಯಾಯಿತು. ಮಾತು ಮೇಲಿನಿಂದಲೇ ಶುರುವಾಯಿತು.

ನಾನು: ನಮಸ್ಕಾರ. ಎಲ್ಲಿದ್ದೀರಿ?

ಗಾಳಿ: ನಿಮ್ಮ ನೆತ್ತಿಯ ಮೇಲೆ, ಮೂರ್ನಾಲ್ಕು ಕಿಲೋಮೀಟರ್ ಎತ್ತರದಲ್ಲಿ. ಇನ್ನೂ ಹೊರಟಿಲ್ಲ. ಕೇಳುವುದನ್ನು ಬೇಗ ಕೇಳಿ. ಹೊರಟ ಮೇಲೆ ನಡುವೆ ನಿಲ್ಲುವ ಪದ್ಧತಿ ನಮ್ಮಲ್ಲಿಲ್ಲ.

ನಾನು: ಹುಟ್ಟು, ಮನೆತನ?

ಗಾಳಿ: ಮನೆತನ ದೊಡ್ಡದು, ಕ್ಯುಮುಲೊನಿಂಬಸ್. ತಮಾಷೆ ಏನೆಂದರೆ, ಬೀಳುವ ನನಗೆ ಮನೆ ಕಟ್ಟಿಕೊಡುವುದು ಏರುವ ಗಾಳಿ. ಬೆಳಗಿನಿಂದ ಕಾದ ನೆಲದ ಮೇಲಿನ ತೇವದ ಗಾಳಿ ಏರಿ ಏರಿ 12, 15 ಕಿಲೋಮೀಟರ್ ಎತ್ತರದ ಮೋಡ ಎಬ್ಬಿಸುತ್ತದೆ. ನೀರು, ಆಲಿಕಲ್ಲು ಎಲ್ಲವನ್ನೂ ಅದೇ ಹೊತ್ತು ನಿಂತಿರುತ್ತದೆ. ಹೊರೆ ಮಿತಿ ಮೀರಿದಾಗ ಕೈಚೆಲ್ಲುತ್ತದೆ. ಬೀಳುವ ನೀರು ಪಕ್ಕದ ಗಾಳಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಅಷ್ಟೇ ಆಗಿದ್ದರೆ ನಾನೂ ಒಂದು ಸಾಧಾರಣ ಮಳೆಗಾಳಿಯಾಗಿ ಬದುಕಿ ಸಾಯುತ್ತಿದ್ದೆ. ಆದರೆ ಹೊರಗಿನ ಒಣಗಾಳಿ ಮೋಡದೊಳಗೆ ನುಗ್ಗಿತು ಅನ್ನಿ, ಹನಿಗಳು ಆವಿಯಾಗತೊಡಗುತ್ತವೆ, ಆಲಿಕಲ್ಲು ಕರಗತೊಡಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ನನ್ನಿಂದಲೇ ಕಿತ್ತುಕೊಳ್ಳುತ್ತವೆ. ತಣ್ಣಗಾಗುತ್ತೇನೆ. ತಣ್ಣಗಾದ ಗಾಳಿ ಭಾರ. ಸುತ್ತಲಿನವರಿಗಿಂತ ಭಾರವಾದವನು ಬೀಳಲೇಬೇಕಲ್ಲ.

ನಾನು: ನಿಮಗೆ ಸಿಟ್ಟು ಜಾಸ್ತಿ ಎಂಬ ಮಾತಿದೆ.

ಗಾಳಿ: ಸಿಟ್ಟಲ್ಲ ಸ್ವಾಮಿ, ತೂಕ.

ನಾನು: ನೆಲ ಮುಟ್ಟಿದ ಮೇಲೆ ಏನಾಗುತ್ತದೆ?

ಗಾಳಿ: ತುಂಬಿದ ಕೊಡವನ್ನು ಅಂಗಳಕ್ಕೆ ಒಮ್ಮೆಗೇ ಬೋರಲು ಹಾಕಿ ನೋಡಿ. ನೀರು ನಡುವಿನಲ್ಲಿ ನಿಲ್ಲುವುದಿಲ್ಲ, ನಾಲ್ಕೂ ಕಡೆ ಹಾರುತ್ತದೆ. ನಾನೂ ಅಷ್ಟೇ. ಅಂಚಿಗೆ ಹೋದಾಗ ಸುರುಳಿ ಸುತ್ತಿಕೊಂಡು ಮೇಲೇಳುತ್ತೇನೆ. ಹರಡಿದ ಅಗಲ 4 ಕಿಲೋಮೀಟರ್ ಒಳಗಿದ್ದರೆ ಮೈಕ್ರೋಬರ್ಸ್ಟ್, ಮೀರಿದರೆ ಮ್ಯಾಕ್ರೋಬರ್ಸ್ಟ್. ಚಿಕ್ಕವರು ಅಂತ ಹಗುರಾಗಿ ನೋಡಬೇಡಿ, ನಮ್ಮಲ್ಲಿ ಪೋಕರಿಗಳೆಲ್ಲ ಚಿಕ್ಕವರೇ. ಕೆಲವರು ಮಳೆ ಸಮೇತ ಬೀಳುತ್ತಾರೆ. ಕೆಲವರು ಒಣ ಜಾತಿ. ಮಳೆ ಅರ್ಧ ದಾರಿಯಲ್ಲೇ ಆವಿಯಾಗಿ, ಮೋಡದ ಕೆಳಗೆ ಕುಚ್ಚು ಜೋತಾಡಿದಷ್ಟೇ ಕಾಣುತ್ತದೆ. ‘ಈ ಮೋಡದಲ್ಲಿ ಏನಿಲ್ಲ’ ಅಂದುಕೊಂಡಿರುತ್ತೀರಿ. ಕೆಳಗೆ ಆಗಲೇ ಮಣ್ಣು ಎದ್ದಿರುತ್ತದೆ.

ನಾನು: ಪತ್ರಿಕೆಗಳಲ್ಲಿ ನಿಮ್ಮನ್ನು ಸುಂಟರಗಾಳಿ ಅಂತಲೇ ಬರೆದುಬಿಡುತ್ತೇವೆ. ಬೇಸರವಿಲ್ಲವೇ?

ಗಾಳಿ: ನನಗೇನು ಬೇಸರ, ಬಿದ್ದ ಮರಗಳಿಗೆ ಬೇಸರ. ಅವು ಸಾಯುವ ಮುಂಚೆ ಸ್ಪಷ್ಟವಾಗಿ ಸಾಕ್ಷಿ ಹೇಳಿರುತ್ತವೆ, ಓದುವವರಿಲ್ಲ. ಸುಂಟರಗಾಳಿ ಹಾದ ದಾರಿಯಲ್ಲಿ ಮರಗಳು ಒಳಮುಖವಾಗಿ, ಅಡ್ಡಾದಿಡ್ಡಿ, ಒಂದರ ಮೇಲೊಂದು ಬಿದ್ದಿರುತ್ತವೆ. ನಾನು ಬಿದ್ದ ಕಡೆ ಎಲ್ಲವೂ ನಡುವಿಗೆ ಬೆನ್ನು ತಿರುಗಿಸಿ ಹೊರಮುಖವಾಗಿ ಮಲಗಿರುತ್ತವೆ. ಆ ಸಾಕ್ಷಿಯನ್ನು ಸರಿಯಾಗಿ ಓದಿದವರು ಫುಜಿಟಾ.

ನಾನು: ಯಾರವರು?

ಗಾಳಿ: ಹವಾಮಾನ ವಿಜ್ಞಾನಿ ಟೆಟ್ಸುಯಾ ಥಿಯೊಡೋರ್ ಫುಜಿಟಾ. 1920ರಲ್ಲಿ ಜಪಾನಿನ ಕ್ಯೂಷೂ ದ್ವೀಪದಲ್ಲಿ ಹುಟ್ಟಿದವರು. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬು ಬೀಳಬೇಕಾಗಿದ್ದದ್ದು ಅವರು ಪಾಠ ಹೇಳುತ್ತಿದ್ದ ಕಡೆಗೆ ಹತ್ತಿರದ ಕೊಕುರಾ ನಗರದ ಮೇಲೆ. ಮೋಡ, ಹೊಗೆ ಮುಸುಕಿ ಗುರಿ ಕಾಣಲಿಲ್ಲ, ವಿಮಾನ ನಾಗಸಾಕಿಗೆ ತಿರುಗಿತು. ಅವರ ಜೀವ ಮೋಡದ ಋಣ ಅನ್ನಿ. ಕೆಲವು ವಾರ ಕಳೆದು ಅವರೇ ನಾಗಸಾಕಿಗೂ ಹಿರೋಷಿಮಾಕ್ಕೂ ಹೋಗಿ, ಸುಟ್ಟ ಗುರುತುಗಳ ದಿಕ್ಕು ಹಿಡಿದು ಬಾಂಬು ಯಾವ ಎತ್ತರದಲ್ಲಿ ಸಿಡಿಯಿತು ಎಂದು ಲೆಕ್ಕ ಹಾಕಿದರು. ಸ್ಫೋಟದ ನೇರ ಕೆಳಗಿನ ಮರಗಳು ನಿಂತೇ ಇದ್ದವು, ದೂರದವು ಹೊರಮುಖವಾಗಿ ಬಿದ್ದಿದ್ದವು. ಆ ಚಿತ್ರ ಮನಸ್ಸಿನಲ್ಲಿ ಉಳಿಯಿತು.

ಆಮೇಲೊಂದು ಬೆಟ್ಟದ ಮೇಲೆ ಗುಡುಗುಮೋಡದ ಅಧ್ಯಯನ. ಅಲ್ಲಿನ ಅಮೆರಿಕನ್ ರೇಡಾರ್ ಕೇಂದ್ರದ ಕಸದ ಬುಟ್ಟಿಯಲ್ಲಿ ಷಿಕಾಗೋದ ಹವಾಮಾನ ತಜ್ಞ ಹೊರೇಸ್ ಬಯರ್ಸ್ ಬರೆದ ಪ್ರಬಂಧವೊಂದು ಸಿಕ್ಕಿತು. ಓದಿದರೆ ತಮ್ಮದೇ ವಿಷಯ! ತಮ್ಮ ಕೆಲಸವನ್ನು ಬಯರ್ಸ್‌ಗೆ ಕಳಿಸಿದರು. 1953ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಕರೆ ಬಂತು. ಕಸದ ಬುಟ್ಟಿ ಸಕಾಲಕ್ಕೆ ಖಾಲಿ ಮಾಡುವ ಕಚೇರಿಯಾಗಿದ್ದರೆ ನನ್ನ ಜಾತಕ ಬರೆಯುವವರೇ ಇರುತ್ತಿರಲಿಲ್ಲ. ನಿಮ್ಮ ತಾಲ್ಲೂಕು ಕಚೇರಿಗಳಲ್ಲಿ ಎಂಥೆಂಥ ವಿಜ್ಞಾನ ಬಿದ್ದಿದೆಯೋ!

1974ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಸುಂಟರಗಾಳಿಗಳ ಜಾತ್ರೆಯೇ ನಡೆಯಿತು. ಸಣ್ಣ ವಿಮಾನದಲ್ಲಿ ಕೂತು ಹಾನಿ ನೋಡುತ್ತ ಹೋದ ಫುಜಿಟಾಗೆ ವೆಸ್ಟ್ ವರ್ಜೀನಿಯಾದ ಕಾಡಿನಲ್ಲಿ ಅದೇ ಹಳೆಯ ಚಿತ್ರ ಕಂಡಿತು. ಇದು ಸುತ್ತಿದ ಗಾಳಿಯಲ್ಲ, ಮೇಲಿಂದ ಬಿದ್ದ ಗಾಳಿ.

ನಾನು: ಅಂದರೆ ಅವರು ನಿಮ್ಮ ಜನಕ.

ಗಾಳಿ: ಜಾತಕ ಬರೆದವರು. ಆದರೂ ಒಂದು ಸಂಕಟ ಇದೆ. ಜನ ಅವರಿಗೆ ಕೊಟ್ಟ ಬಿರುದು ‘ಮಿಸ್ಟರ್ ಟಾರ್ನೇಡೊ’. ಸುಂಟರಗಾಳಿಯ ಅಳತೆಗೋಲಿಗೂ ಅವರದೇ ಹೆಸರು. ಸುಂಟರಗಾಳಿಯನ್ನು ಅವರು ಕಣ್ಣಾರೆ ಕಂಡದ್ದು ಮಾತ್ರ 1982ರಲ್ಲಿ, 61ನೇ ವಯಸ್ಸಿನಲ್ಲಿ. ಅದೂ ಎಲ್ಲಿ? ನನ್ನನ್ನು ಹುಡುಕಿಕೊಂಡು ಡೆನ್ವರ್‌ಗೆ ಬಂದಿದ್ದಾಗ!

(ಗುಡುಗು. ತಂಗುದಾಣದೊಳಗೆ ಮಲಗಿದ್ದ ನಾಯಿ ಎದ್ದು ರಸ್ತೆ ದಾಟಿ ಆರ್‌ಸಿಸಿ ಮನೆಯೊಂದರ ಜಗಲಿ ಹತ್ತಿತು.)

ನಾನು: ವಿಮಾನಗಳ ಮಾತಿಗೆ ಬರೋಣ. ನ್ಯೂಯಾರ್ಕ್, 1975.

ಗಾಳಿ: ಜೂನ್ 24. ಕೆನಡಿ ವಿಮಾನ ನಿಲ್ದಾಣದ ಹೊಸ್ತಿಲಲ್ಲೇ ಬಿದ್ದಿದ್ದೆ. ನಾನು ಕದ್ದು ಬಂದೆ ಅಂತ ಯಾರೂ ಹೇಳುವ ಹಾಗಿಲ್ಲ. ಮೊದಲು ಇಳಿದ ಸರಕು ವಿಮಾನದ ಪೈಲಟ್ ಹೇಗೋ ನೆಲ ಮುಟ್ಟಿಸಿ, ನೆಲದ ಹತ್ತಿರ ಗಾಳಿ ಭಯಂಕರವಾಗಿ ಬದಲಾಗುತ್ತಿದೆ, ರನ್‌ವೇ ಬದಲಿಸಿ ಎಂದು ಟವರ್‌ಗೆ ಹೇಳಿದ. ಟವರ್‌ನವರು ಮೀಟರ್ ನೋಡಿದರು. ಮೀಟರ್ ಪ್ರಕಾರ ಗಾಳಿ 15 ನಾಟ್, ಅದೂ ರನ್‌ವೇಗೆ ನೇರ, ಹೇಳಿ ಮಾಡಿಸಿದ ಹಾಗೆ. ಮೀಟರ್ ಏನು ಬೇಕಾದರೂ ಹೇಳಲಿ, ನಾನು ಕಂಡದ್ದು ಇದು ಎಂದು ಪೈಲಟ್ ಪಟ್ಟು ಹಿಡಿದ. ಮೀಟರ್ ಗೆದ್ದಿತು. ಹಿಂದೆ ಬಂದ ದೊಡ್ಡ ವಿಮಾನ ಇಳಿಯಲಾರದೆ ಮೇಲೆದ್ದು ಬೇರೆ ನಿಲ್ದಾಣಕ್ಕೆ ಹೋಯಿತು. ಆಮೇಲಿನ ಎರಡು ವಿಮಾನ ಸುರಕ್ಷಿತವಾಗಿ ಇಳಿದವು. ಅದೇ ನೋಡಿ ನನ್ನ ಕೆಟ್ಟ ಗುಣ, ಎಲ್ಲರಿಗೂ ಒಂದೇ ಥರ ಸಿಗುವುದಿಲ್ಲ. ಆಮೇಲೆ ಬಂದದ್ದು ನ್ಯೂ ಆರ್ಲಿಯನ್ಸ್‌ನಿಂದ ಹೊರಟ ಈಸ್ಟರ್ನ್ 66. ರನ್‌ವೇ ಮುಂದಿನ ದೀಪದ ಕಂಬಗಳಿಗೆ ಬಡಿಯಿತು. ಒಳಗಿದ್ದವರು 124 ಜನ. 113 ಜನ ಸತ್ತರು.

ನಾನು: ಅಷ್ಟು ದೊಡ್ಡ ಬೋಯಿಂಗನ್ನು ಕೆಳಗೆ ಒತ್ತಿಬಿಟ್ಟಿರಾ?

ಗಾಳಿ: ಒತ್ತುವುದು ಅರ್ಧ ಕಥೆ. ಮೊದಲು ಕೊಡುತ್ತೇನೆ. ಇಳಿಯಲು ಬರುವ ವಿಮಾನಕ್ಕೆ ನನ್ನ ಈಚೆ ಅಂಚು ಎದುರುಗಾಳಿಯಾಗಿ ಸಿಗುತ್ತದೆ. ರೆಕ್ಕೆಯ ಮೇಲೆ ಗಾಳಿ ಜೋರಾಗಿ ಹರಿದು ವಿಮಾನ ತಾನಾಗಿ ಮೇಲೇಳುತ್ತದೆ. ಪೈಲಟ್‌ಗೆ ಇದು ಬಿಟ್ಟಿ ಭಾಗ್ಯ. ಎತ್ತರ ಹೆಚ್ಚಾಯಿತೆಂದು ಎಂಜಿನ್ ಶಕ್ತಿ ಇಳಿಸುತ್ತಾನೆ, ಮೂತಿ ಬಗ್ಗಿಸುತ್ತಾನೆ. ಆಗ ನಡುವಿಗೆ ಬಂದಿರುತ್ತಾನೆ, ಅಲ್ಲಿ ಮೇಲಿಂದ ತುಳಿತ. ಸಾವರಿಸಿಕೊಳ್ಳುವಷ್ಟರಲ್ಲಿ ಆಚೆ ಅಂಚು, ಅಲ್ಲಿ ನಾನು ಬೆನ್ನ ಹಿಂದಿನಿಂದ ಬೀಸುತ್ತಿರುತ್ತೇನೆ. ರೆಕ್ಕೆಗೆ ಸಿಗುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಇಲ್ಲ. ಇಳಿಸಿದ ಎಂಜಿನ್ ಮತ್ತೆ ಪೂರ್ತಿ ಶಕ್ತಿಗೆ ಬರಲು ಕೆಲವು ಸೆಕೆಂಡು ಬೇಕು. ನೆಲ ಅಷ್ಟು ದೂರ ಇರುವುದಿಲ್ಲ. ಮುಂಗಡ ಕೊಟ್ಟು ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುವುದನ್ನು ನಿಮ್ಮ ಚುನಾವಣೆಗಳಿಂದ ಕಲಿತೆ ಅನ್ನುತ್ತಿದ್ದೆ, ಆದರೆ ನಾನು ನಿಮಗಿಂತ ಹಳಬ.

ನಾನು: ಆಗಲಾದರೂ ನಂಬಿದರೇ?

ಗಾಳಿ: ಎಲ್ಲಿ! ವಿಮಾನ ಸಂಸ್ಥೆಯ ಸುರಕ್ಷತಾ ಅಧಿಕಾರಿಯೇ ಫುಜಿಟಾ ಹತ್ತಿರ ಹೋಗಿದ್ದು. ಅವರು ನನ್ನ ಹೆಸರು ಹೇಳಿದರು. ಪಂಡಿತರು ನಕ್ಕರು. ಬೀಳುಗಾಳಿ ನೆಲ ಮುಟ್ಟುವುದರೊಳಗೆ ಸುಸ್ತಾಗುತ್ತದೆ ಅಂದರು ಕೆಲವರು, ಹಳೇ ಸರಕಿಗೆ ಹೊಸ ಚೀಟಿ ಅಂದರು ಇನ್ನು ಕೆಲವರು. ಫುಜಿಟಾ ಜಗಳಕ್ಕೆ ನಿಲ್ಲಲಿಲ್ಲ, ಡಾಪ್ಲರ್ ರೇಡಾರ್ ಹೂಡಿ ಕಾದು ಕೂತರು. 1978ರಲ್ಲಿ ಷಿಕಾಗೋ ಸುತ್ತ, 1982ರಲ್ಲಿ ಡೆನ್ವರ್ ಸುತ್ತ. ಡೆನ್ವರ್‌ನ ಒಂದೇ ಬೇಸಿಗೆಯಲ್ಲಿ ನಮ್ಮವರು 186 ಮಂದಿ ಸಿಕ್ಕಿಬಿದ್ದರು. ಇಲ್ಲವೇ ಇಲ್ಲ ಎನ್ನಿಸಿಕೊಂಡಿದ್ದ ಜಾತಿಗೆ ಏಕಾಏಕಿ ಜನಗಣತಿ!

ಅದೇ ಬೇಸಿಗೆ, ಜುಲೈ 9ರಂದು, ನ್ಯೂ ಆರ್ಲಿಯನ್ಸ್ ಪಕ್ಕದ ಕೆನ್ನರ್‌ನಲ್ಲಿ ಪ್ಯಾನ್ ಆಮ್ ವಿಮಾನ ಏರುತ್ತಿದ್ದಂತೆ ಬಿದ್ದು 153 ಜನ ಸತ್ತರು, ಕೆಳಗೆ ಮನೆಗಳಲ್ಲಿದ್ದವರೂ ಸೇರಿ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191, ಹೆದ್ದಾರಿಯಲ್ಲಿ ಕಾರು ಓಡಿಸುತ್ತಿದ್ದವನನ್ನೂ ಸೇರಿಸಿ 137. ಅಷ್ಟಾದ ಮೇಲೆ ಹಣ ಬಿಡುಗಡೆಯಾಯಿತು. ನಿಲ್ದಾಣಗಳಿಗೆ ನನ್ನನ್ನೇ ಹುಡುಕುವ ರೇಡಾರ್ ಬಂದವು, ವಿಮಾನಗಳ ಮೂತಿಯಲ್ಲೂ ಕೂತವು, ಪೈಲಟ್‌ಗಳಿಗೆ ಪಾಠವಾಯಿತು. 1991, 92ರಲ್ಲಿ ನಾಸಾದವರು ಒಂದು 737 ತೆಗೆದುಕೊಂಡು ಬೇಕೆಂದೇ ನನ್ನೊಳಗೆ ಹಾರಿದರು. ಹುಚ್ಚು ಅಂದುಕೊಂಡೆ. ಕೆಲಸಕ್ಕೆ ಬಂದ ಹುಚ್ಚು. ಅಮೆರಿಕದಲ್ಲಿ ದೊಡ್ಡ ಪ್ರಯಾಣಿಕ ವಿಮಾನವೊಂದು ನನ್ನ ಕೈಗೆ ಸಿಕ್ಕು 37 ಜನ ಸತ್ತದ್ದು 1994ರ ಜುಲೈ 2ರಂದು, ಷಾರ್ಲೆಟ್‌ನಲ್ಲಿ. ಅದೇ ಕೊನೆ. ಬೇರೆ ಕಡೆ ಇನ್ನೂ ಸಿಗುತ್ತಾರೆ. 2012ರಲ್ಲಿ ಇಸ್ಲಾಮಾಬಾದ್‌ನಲ್ಲಿ 127 ಜನ.

ನಾನು: ರಾಷ್ಟ್ರಾಧ್ಯಕ್ಷರೊಬ್ಬರನ್ನು ಬಿಟ್ಟುಬಿಟ್ಟಿರಂತೆ?

ಗಾಳಿ: ರೇಗನ್. 1983ರ ಆಗಸ್ಟ್ 1, ವಾಷಿಂಗ್ಟನ್ ಬಳಿಯ ಆಂಡ್ರ್ಯೂಸ್ ವಾಯುನೆಲೆ. ಅವರ ವಿಮಾನ ಇಳಿದು ಏಳೆಂಟು ನಿಮಿಷವೂ ಆಗಿರಲಿಲ್ಲ, ನಾನು ಬಿದ್ದೆ. ಮಾಪಕ ಗಂಟೆಗೆ 240 ಕಿಲೋಮೀಟರ್ ತೋರಿಸಿತು. ಗಣ್ಯರು ಹಾದುಹೋಗುವವರೆಗೆ ಬೇರೆಯವರನ್ನು ತಡೆಯುವ ಶಿಷ್ಟಾಚಾರ ನಿಮ್ಮಲ್ಲೂ ಇದೆಯಲ್ಲ, ಹಾಗೆ ಅಂತ ತಿಳಿಯಿರಿ. ನಿಜ ಹೇಳಬೇಕೆಂದರೆ ನನಗೆ ಯಾರು ಬಂದರು ಯಾರು ಹೋದರು ಅಂತ ತಿಳಿಯುವುದೇ ಇಲ್ಲ.

ನಾನು: ನೀರಿನ ಮೇಲೂ...

ಗಾಳಿ: 2015ರ ಜೂನ್ 1, ಚೀನಾದ ಯಾಂಗ್ಟ್ಸಿ ನದಿ. ಪ್ರವಾಸಿಗಳ ಹಡಗು ‘ಈಸ್ಟರ್ನ್ ಸ್ಟಾರ್’. ರಾತ್ರಿ. 442 ಜನ. ಮುಂದಿನ ಪ್ರಶ್ನೆ ಕೇಳಿ.

ನಾನು: ನಮ್ಮ ಕಡೆಗೆ ಬರೋಣ. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಮರ, ಕಂಬ, ಬಾಳೆತೋಟ, ಹೆಂಚು, ತಗಡು. ನಿಮಗೆ ಕರುಣೆಯೇ ಇಲ್ಲವೇ?

ಗಾಳಿ: ಬಾಳೆತೋಟದ ವಿಷಯಕ್ಕೆ ನಾನು ತಲೆತಗ್ಗಿಸುತ್ತೇನೆ. ರೈತ ಹನ್ನೊಂದು ತಿಂಗಳು ಸಾಕಿ, ಗೊನೆಗೆ ಗಳು ಕೊಟ್ಟು ನಿಲ್ಲಿಸಿರುತ್ತಾನೆ, ವ್ಯಾಪಾರಿ ಬಂದು ದರ ಮಾತಾಡಿ ಹೋಗಿರುತ್ತಾನೆ. ಬಾಳೆಗೆ ಬೇರೂ ಆಳವಿಲ್ಲ, ಮರದ ಕಾಂಡವೂ ಇಲ್ಲ, ತಲೆಯ ಮೇಲೆ ಗೊನೆಯ ಭಾರ. ನಡು ಮುರಿದು ಗೊನೆ ಮಣ್ಣಿಗೆ ತಾಗಿ ಬೀಳುತ್ತದೆ. ಅಲ್ಲಿ ರೈತನ ತಪ್ಪು ಒಂದು ಕಾಸಿನಷ್ಟೂ ಇಲ್ಲ. ಉಳಿದವಕ್ಕೆ ಮಾತ್ರ ನನ್ನೊಬ್ಬನ ಹೆಸರು ಬರೆಯಬೇಡಿ. ಪೇಟೆಯ ಮರದ ಬುಡಕ್ಕೆ ಕಾಂಕ್ರೀಟು ಹಾಕಿದವರು ಯಾರು? ಚರಂಡಿಗೊಮ್ಮೆ, ಕೇಬಲ್ಲಿಗೊಮ್ಮೆ ಬೇರು ಕಡಿದವರು ಯಾರು? ಒಂದು ಪಕ್ಕದ ಕೊಂಬೆ ಮಾತ್ರ ಕತ್ತರಿಸಿ, ತಂತಿಗೆ ದಾರಿ ಮಾಡಿ, ಎಲ್ಲಾ ಭಾರವನ್ನೂ ರಸ್ತೆ ಕಡೆಗೆ ವಾಲಿಸಿ ಹೋದವರು ಯಾರು? ಆ ಮರ ಬೀಳಲು ನೆಪ ಕಾಯುತ್ತಿರುತ್ತದೆ. ನಾನು ನೆಪ.

ಇನ್ನು ತಗಡು. ಎದುರಿನ ಗುಡಿಸಲು ನೋಡಿ. ಶೀಟಿಗೆ ಹುಕ್ ಬೋಲ್ಟ್ ಹಾಕಿಲ್ಲ, ಮೇಲೆ ಕಲ್ಲು ಹೇರಿದ್ದಾರೆ. ಆರು ಕಲ್ಲು, ಒಂದು ಹಳೆ ಟೈರು, ಮುರಿದ ಒನಕೆ. ನಾನು ಶೀಟಿನ ಕೆಳಗೆ ಕೈ ಹಾಕಿದರೆ ಮೊದಲು ಹಾರುವುದು ತಗಡು, ಆಮೇಲೆ ಒಳಗೆ ಮಲಗಿದವರ ಮೇಲೆ ಬೀಳುವುದು ಆ ಕಲ್ಲು. ಬಡವರ ಮನೆ, ಬೋಲ್ಟಿಗೆ ಕಾಸಿಲ್ಲ ಅಂತ ಒಪ್ಪೋಣ. ಮುಂಬೈಯ ಘಾಟ್ಕೋಪರ್‌ನಲ್ಲಿ ಕಾಸಿರಲಿಲ್ಲವೇ? 2024ರ ಮೇ 13, ಗುಡುಗುಮಳೆಯ ಮುಂದೆ ನಮ್ಮ ವಂಶದ ಧೂಳುಗಾಳಿ ಬೀಸಿತು, ಪೆಟ್ರೋಲ್ ಬಂಕಿನ ಮೇಲೆ ಜಾಹೀರಾತು ಫಲಕ ಉರುಳಿ 17 ಜನ ಸತ್ತರು. 40 ಅಡಿಗೆ 40 ಅಡಿ ಮಿತಿ ಇದ್ದ ಊರಿನಲ್ಲಿ ಆ ಫಲಕ 120ಕ್ಕೆ 120. ಆಮೇಲೆ ‘ದೈವಲೀಲೆ’ ಎಂಬ ವಾದ ಕೋರ್ಟಿನವರೆಗೂ ಹೋಯಿತು. ದೇವರು ಬಂದು ವೆಲ್ಡಿಂಗ್ ಮಾಡಿದ್ದನೇ?

ನಾನು: ಬೆಂಗಳೂರಿನಲ್ಲಿ ಫ್ಲೆಕ್ಸ್ ನಿಷೇಧ ಇದೆ.

ಗಾಳಿ: 2018ರಿಂದ. ಗೊತ್ತು. ಆ ನಿಷೇಧ ಜಾರಿಯಾಗಿದೆ ಎಂದು ಅಭಿನಂದಿಸುವ ಫ್ಲೆಕ್ಸ್ ಒಂದನ್ನು ನಾನೇ ಕೆಡವಬೇಕು ಅಂತಿದ್ದೇನೆ.

(ಈಗ ಸೆಕೆ ಸಟ್ಟನೆ ಹೋಗಿ ತಣ್ಣನೆ ಗಾಳಿ ಮುಖಕ್ಕೆ ತಾಗಿತು. ಮಣ್ಣಿನ ವಾಸನೆ. ಹಾಯ್ ಎನಿಸಿತು, ಹಾಗೆಂದೆ.)

ಗಾಳಿ: ಹೊರಟಿದ್ದೇನೆ. ನೀವು ಹಾಯ್ ಅಂದಿರಲ್ಲ, ಅದೇ ನಾನು ಕೊಡುವ ಮುಂಗಡ. ಆ ತಂಪಿಗೆ ಜನ ಮನೆಯೊಳಗಿಂದ ಟೆರೇಸಿಗೆ ಬರುತ್ತಾರೆ, ಮೊಬೈಲ್ ಎತ್ತಿ ರೀಲ್ಸ್ ಮಾಡುತ್ತಾರೆ. ಒಳಗೆ ಹೋಗಬೇಕಾದ ಹೊತ್ತು ಅದು. ಅಂದ ಹಾಗೆ ಈ ತಂಗುದಾಣ ಶಾಸಕರ ಅನುದಾನದ್ದೇ? ಹೆಸರು ದಪ್ಪಗಿದೆ, ಕಂಬ ತೆಳ್ಳಗಿವೆ. ಆ ನಾಯಿ ಹೋದ ಕಡೆ ಹೋಗಿ.

(ಹೋದೆ. ಉಳಿದ ಸಂದರ್ಶನ ಆರ್‌ಸಿಸಿ ಮನೆಯ ಒಳಗಿನಿಂದ, ಕಿಟಕಿಯಿಂದ ದೂರ ನಿಂತು, ಕೂಗಿ ಕೂಗಿ ನಡೆಯಿತು. ಎರಡು ನಿಮಿಷ ಏನೂ ಕೇಳಿಸಲಿಲ್ಲ. ಬೀದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಹಿಂದೆ ಅದರ ಮಾಲೀಕ ಓಡಿದರು.)

ನಾನು: ನಿಮ್ಮ ಬಗ್ಗೆ ಮುನ್ಸೂಚನೆ ಇತ್ತು. ಜಿಲ್ಲೆಗೆ ಹಳದಿ ಅಲರ್ಟ್, ಒಂದೆರಡು ಕಡೆ ಗಂಟೆಗೆ 40ರಿಂದ 50 ಕಿಲೋಮೀಟರ್ ಗಾಳಿ ಸಹಿತ ಮಳೆ ಅಂತ. ಯಾವ ಒಂದೆರಡು ಕಡೆ ಅಂತ ಹೇಳಲಿಲ್ಲ.

ಗಾಳಿ: ಅವರನ್ನು ಬೈಯಬೇಡಿ. ಎಲ್ಲಿ ಬೀಳುತ್ತೇನೆಂದು ಅರ್ಧ ಗಂಟೆ ಮುಂಚೆ ನನಗೇ ಗೊತ್ತಿರಲಿಲ್ಲ. ಮೋಡ ಕಟ್ಟುವುದನ್ನು ರೇಡಾರ್ ನೋಡುತ್ತದೆ, ಗುಡುಗಿನ ದಿನ ಎಂದು ಹೇಳುತ್ತಾರೆ, ಸಿಡಿಲಿಗೆ ಆ್ಯಪ್ ಬಂದಿದೆ. ಆದರೆ ನಾನು ಕೂರುವ ಜಾಗ ಒಂದು ಊರಿನಷ್ಟು. ಗಾಳಿ ಅಳೆಯುವ ಯಂತ್ರ ಪಕ್ಕದ ಊರಿನಲ್ಲಿದ್ದರೆ ಅದರ ಲೆಕ್ಕದಲ್ಲಿ ಇವತ್ತು ಎಲೆ ಅಲುಗಿಲ್ಲ. ಹಳದಿ ಅಂದ ದಿನ ಸಂಜೆ ಕೆರೆಗೆ ದೋಣಿ ಇಳಿಸದೆ, ಮದುವೆ ಶಾಮಿಯಾನದ ಹಗ್ಗ ನೋಡಿಕೊಂಡು, ಬೈಕಿನವನು ಮರ ಹುಡುಕುವ ಬದಲು ಗೋಡೆ ಇರುವ ಕಟ್ಟಡ ಹುಡುಕಿದರೆ ಸಾಕು. ಮಳೆಕಾಲು ನೆಲದ ಹತ್ತಿರ ಪಾದದ ಹಾಗೆ ಹೊರಗೆ ಚಾಚಿದ್ದು ಕಂಡರೆ ನಾನು ಬಿದ್ದಾಯಿತು ಅಂತಲೇ ತಿಳಿಯಿರಿ. ನಾನು ಹೋದ ಮೇಲೆ ತಂತಿ ಬಿದ್ದಿದ್ದರೆ ಕೋಲಿನಿಂದ ಸರಿಸುವ ಶೌರ್ಯ ಬೇಡ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಬರುವವರೆಗೆ ಕಾಯಿರಿ.

ನಾನು: ಪರಿಹಾರದ ಗತಿ?

ಗಾಳಿ: ಅದನ್ನು ನೆನೆದರೆ ನನಗೂ ಅವಮಾನ. ಕೇಂದ್ರದ ವಿಪತ್ತುಗಳ ಪಟ್ಟಿಯಲ್ಲಿ ಹನ್ನೆರಡು ಹೆಸರಿವೆ. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಕುಸಿತ, ಮೇಘಸ್ಫೋಟ, ಕೀಟಬಾಧೆ, ಶೀತಗಾಳಿ. ಹುಳುವಿಗೆ ಜಾಗ ಇದೆ, ನನಗಿಲ್ಲ. ಬೇಕಿದ್ದರೆ ರಾಜ್ಯಗಳು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಬಹುದು, ವಿಪತ್ತು ನಿಧಿಯ ಶೇ 10ರ ಮಿತಿಯೊಳಗೆ. ಹಾಗಾಗಿ ಬುದ್ಧಿವಂತ ಊರುಗಳಲ್ಲಿ ಪಂಚನಾಮೆ ಬರೆಯುವಾಗ ನನ್ನ ಜೊತೆ ನಾಲ್ಕು ಆಲಿಕಲ್ಲು ಬಿದ್ದಿದ್ದವೇ ಎಂದು ಮೊದಲು ವಿಚಾರಿಸುತ್ತಾರೆ. ಬಿದ್ದಿದ್ದರೆ ರೈತ ಬದುಕಿದ. ಅದಾದ ಮೇಲೂ ಶೇ 33ರಷ್ಟು ಬೆಳೆ ಹೋಗಿರಬೇಕು. ಮುಂದಿನ ಸಲ ಮೂವತ್ತೆರಡಕ್ಕೆ ನಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಒಬ್ಬರು ನನ್ನನ್ನೇ ಬೇಡಿಕೊಂಡರು.

(ದನಿ ಈಗ ಊರಾಚೆಯ ಹೊಲಗಳ ಅಂಚಿನಿಂದ, ಒಂದೇ ಸಲ ನಾಲ್ಕು ದಿಕ್ಕಿನಿಂದ ಬರುತ್ತಿತ್ತು.)

ನಾನು: ಕೊನೆಯದಾಗಿ, ಪತ್ರಿಕೆಗೆ ನಿಮ್ಮದೊಂದು ಫೋಟೊ ಬೇಕಿತ್ತು.

ಗಾಳಿ: ನನ್ನ ಮುಖಕ್ಕೆ ಆಕಾರವಿಲ್ಲ. ಮದುವೆ ವಿಡಿಯೊ ತೆಗೆಯುವ ಹುಡುಗನ ಹತ್ತಿರ ಡ್ರೋನ್ ಇರುತ್ತದೆ, ಕರೆಸಿ. ಆ ಬಾಳೆತೋಟದ ಮೇಲೆ ನೇರವಾಗಿ ಹಾರಿಸಿ, ಯಾವ ಗಿಡ ಯಾವ ಕಡೆಗೆ ತಲೆ ಹಾಕಿದೆ ಅಂತ ಕಾಣುವ ಹಾಗೆ ತೆಗೆಸಿ. ಎಲ್ಲದರ ಬೆನ್ನೂ ಸೇರುವ ಜಾಗವೇ ನಾನು ಕಾಲಿಟ್ಟದ್ದು. ಬೇಗ ಹೋಗಿ, ಮಾಲೀಕರು ಕುಡುಗೋಲು ಹಿಡಿದು ಹೊರಟಾಗಿದೆ, ಅಳತೆಗೆ ಬರುವವರು ಸೋಮವಾರ ಬರುತ್ತಾರಂತೆ.